ಹಿಪ್ಪೆ ಎಸೆಯಬೇಡ ಮಗಾ

ಮಗಾ,

ನೀನು ಜ್ಯೂಸರ್ ತಗೊಂಡ ವಿಷಯ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಸ್ಟೇಟಸ್‌ನಲ್ಲೂ ದಿನಾ ಬೆಳಗ್ಗೆ ಒಂದೊಂದು ಬಣ್ಣದ ಲೋಟ ನೋಡುತ್ತಲೇ ಇದ್ದೆ. ಬೇಕರಿ ಬನ್ನು ಬಿಟ್ಟು ದೇವರಾಜ ಮಾರ್ಕೆಟ್ಟಿಗೆ ಹೋಗಿ ತರಕಾರಿ ಆರಿಸಿ ತರುವ ಹುಡುಗನನ್ನು ಕಂಡರೆ ಯಾರಿಗೆ ಖುಷಿಯಾಗಲ್ಲ ಹೇಳು. ಆದರೆ ಮೊನ್ನೆ ಮೈಸೂರಿಗೆ ಬಂದಾಗ ನಿನ್ನ ಅಡುಗೆಮನೆಯ ಕಸದ ಬುಟ್ಟಿ ನೋಡಿ ಹೊಟ್ಟೆ ಉರಿಯಿತು. ಅರ್ಧ ಬುಟ್ಟಿ ಕ್ಯಾರೆಟ್ ಹಿಪ್ಪೆ, ಜೊತೆಗೆ ನಾಲ್ಕು ಕಿತ್ತಳೆಯದು! ನೀನು ಆ ರಸಕ್ಕೆ ಮೇಲೆ ಎರಡು ಚಮಚ ಸಕ್ಕರೆ ಸುರಿದು ಕುಡಿದು, ತಿಂಡಿ ಬೇಡ ಅಂತ ಆಫೀಸಿಗೆ ಹೊರಟೆ. ನಿನ್ನ ಸ್ನೇಹಿತರಿದ್ದರು, ಅದಕ್ಕೇ ಆಗ ಬಾಯಿ ಬಿಡಲಿಲ್ಲ.

ನಾವು ಕಬ್ಬು ಬೆಳೆದ ಮನೆಯವರು, ನಮಗೆ ಇದು ಗೊತ್ತಿರಬೇಕು. ಚಿಕ್ಕವನಿದ್ದಾಗ ಗದ್ದೆ ಬದುವಿನ ಮೇಲೆ ಕೂತು ಒಂದು ಜಲ್ಲೆ ಕಬ್ಬು ಸಿಗಿದು ತಿನ್ನೋಕೆ ಅರ್ಧ ಗಂಟೆ ಹಿಡಿಯುತ್ತಿತ್ತು, ದವಡೆ ನೋವು ಬಂದು ನಾನೇ ನಿಲ್ಲಿಸುತ್ತಿದ್ದೆ. ಅದೇ ಆಲೆಮನೆಗೆ ಹೋದರೆ ಎರಡು ಚೊಂಬು ಕಬ್ಬಿನ ಹಾಲು ಗಟಗಟ ಇಳಿದುಹೋಗುತ್ತಿತ್ತು. ಕಿತ್ತಳೆಯೂ ಹಾಗೇ. ನಾಲ್ಕು ಹಣ್ಣು ಸುಲಿದು ಕೊಟ್ಟರೆ ಎರಡಕ್ಕೇ ಸಾಕು ಅಂತೀಯ, ಸೋಸಿದ ರಸವಾದರೆ ಹೊಟ್ಟೆಗೆ ಲೆಕ್ಕವೇ ಸಿಗಲ್ಲ. ನಾರು ಹೋಯಿತಲ್ಲ, ಸಕ್ಕರೆ ಬೇಗ ರಕ್ತಕ್ಕೆ ಸೇರಿಬಿಡುತ್ತದೆ. ಒಂದು ದೊಡ್ಡ ಲೋಟ ಕಿತ್ತಳೆ ರಸದಲ್ಲಿ, ನೀನು ಏನೂ ಹಾಕದೇ ಇದ್ದರೂ, ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಹಣ್ಣಿನ ರಸದ ಸಕ್ಕರೆ, ಜೇನುತುಪ್ಪ ಎಲ್ಲವನ್ನೂ ಡಬ್ಬದ ಸಕ್ಕರೆಯ ಜೊತೆಗೇ ಎಣಿಸಿದೆ, ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂದಿದೆ. ನೀನು ಬೆಳಗ್ಗೆ ಎಂಟು ಗಂಟೆಗೇ ಅದನ್ನು ದಾಟಿರುತ್ತೀಯ. ನನಗೆ ಶುಗರ್ ಬಂದಾಗ ಡಾಕ್ಟರ್ ಮೊದಲು ಬಿಡಿಸಿದ್ದು ಹಣ್ಣಿನ ಜ್ಯೂಸು. ಹಣ್ಣು ತಿನ್ನಿ ಅಂದರು.

ಹಾಗಂತ ಮೆಷಿನ್ ಅಟ್ಟಕ್ಕೆ ಹಾಕು ಅಂತಿಲ್ಲ. ಮಿಕ್ಸಿಯಲ್ಲೇ ಮಾಡಿ ನೋಡು. ಅರ್ಧ ಸೌತೆಕಾಯಿ, ಒಂದು ಸಣ್ಣ ಕ್ಯಾರೆಟ್, ಬೆರಳುದ್ದ ಬೀಟ್‌ರೂಟ್, ಬೀಜ ತೆಗೆದ ಒಂದು ನೆಲ್ಲಿಕಾಯಿ, ಚೂರು ಶುಂಠಿ, ಒಂದು ಲೋಟ ನೀರು. ನುಣ್ಣಗೆ ರುಬ್ಬಿ, ಸೋಸದೆ, ನಿಂಬೆರಸ ಹಿಂಡಿ ಆಗಲೇ ಕುಡಿ. ಫ್ರಿಜ್ಜಿನಲ್ಲಿಟ್ಟು ಸಂಜೆಗೆ ಅಂದರೆ ವಿಟಮಿನ್ ಸಿ ಕಮ್ಮಿಯಾಗುತ್ತಾ ಹೋಗುತ್ತದೆ, ರುಚಿಯೂ ಕೆಡುತ್ತದೆ. ದಪ್ಪ ಅನಿಸಿದರೆ ನೀರು ಜಾಸ್ತಿ ಮಾಡು, ಜರಡಿ ಮುಟ್ಟಬೇಡ. ಜ್ಯೂಸರ್‌ನಲ್ಲೇ ಮಾಡಿದ ದಿನ ಹಿಪ್ಪೆಯನ್ನು ಅಕ್ಕಿರೊಟ್ಟಿ ಹಿಟ್ಟಿಗೆ ಕಲಸು, ಈರುಳ್ಳಿ ಸಬ್ಬಸಿಗೆ ಜೊತೆ. ನಿಮ್ಮತ್ತೆ ಹಾಗೇ ಮಾಡೋದು, ಯಾರಿಗೂ ಗೊತ್ತಾಗಲ್ಲ. ಆ ರೊಟ್ಟಿಯೇ ನಿನ್ನ ತಿಂಡಿಯೂ ಆಯಿತು, ಜ್ಯೂಸು ಕುಡಿದೆ ಅಂತ ತಿಂಡಿ ಬಿಡಬಾರದು ಕಣೋ.

ಈಗ ಮುಖ್ಯವಾದದ್ದು. ರಿಟೈರ್ ಆದ ಹೊಸದರಲ್ಲಿ ವಾಕಿಂಗ್ ಗೆಳೆಯರೊಬ್ಬರು ಸೋರೆಕಾಯಿ ರಸ ಶುಗರಿಗೆ ರಾಮಬಾಣ ಅಂದರು. ಒಂದು ದಿನ ಕಾಯಿ ವಿಪರೀತ ಕಹಿ ಇತ್ತು. ಔಷಧಿ ಅಂದಮೇಲೆ ಕಹಿ ಇರಬೇಕಲ್ವಾ ಅಂತ ಮೂಗು ಹಿಡಿದು ಪೂರ್ತಿ ಕುಡಿದೆ, ದಡ್ಡ. ಅರ್ಧ ಗಂಟೆಯಲ್ಲಿ ವಾಂತಿ ಭೇದಿ ಶುರುವಾಗಿ ಬಿಪಿ ಇಳಿದುಹೋಯಿತು, ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ಸ್. ಆ ಕಹಿ ಕುಕುರ್ಬಿಟಾಸಿನ್ ಅನ್ನೋ ವಿಷದ್ದಂತೆ, ಅದಕ್ಕೆ ಪ್ರತಿಮದ್ದೇ ಇಲ್ಲ. ನಮ್ಮ ದೇಶದಲ್ಲಿ ಇದರಿಂದ ಜನ ಸತ್ತೂ ಇದ್ದಾರೆ. ಸೌತೆಕಾಯಿ ಕೂಡ ಅದೇ ಜಾತಿ. ಸೋರೆ, ಸೌತೆ ಯಾವುದೇ ಆಗಲಿ, ರುಬ್ಬುವ ಮುಂಚೆ ಒಂದು ಚೂರು ನಾಲಿಗೆಗೆ ಇಟ್ಟು ನೋಡು. ಕಹಿ ಬಂತೋ ಉಗಿದು ಬಾಯಿ ತೊಳೆದು ಕಾಯಿ ಎಸೆ. ಇದೊಂದನ್ನು ಎಸೆದರೆ ನಾನು ಬೈಯಲ್ಲ. ಬೇರೆ ಹಣ್ಣಿನ ಜೊತೆ ಬೆರೆಸಿ ಕಹಿ ಮುಚ್ಚುವ ಬುದ್ಧಿವಂತಿಕೆ ಮಾತ್ರ ಬೇಡವೇ ಬೇಡ.

ಹಾಗಲಕಾಯಿಯ ಕಹಿ ಬೇರೆ, ಅದು ಅದರ ಗುಣ. ಆದರೆ ನಿಮ್ಮಪ್ಪ ಶುಗರ್ ಮಾತ್ರೆ ನುಂಗುತ್ತಾರೆ, ಪ್ರೀತಿಯಿಂದ ಅವರಿಗೂ ದಿನಾ ಒಂದು ಲೋಟ ಹಾಗಲ ರಸ ಕೊಟ್ಟು ಶುಗರ್ ತೀರಾ ಇಳಿಸಿಬಿಟ್ಟೀಯ. ಡಾಕ್ಟರನ್ನು ಕೇಳಿ ಆಮೇಲೆ ಕೊಡು. ನಿಮ್ಮಮ್ಮನಿಗೆ ಹಿಂದೆ ಕಿಡ್ನಿ ಕಲ್ಲಾಗಿತ್ತು, ಬೀಟ್‌ರೂಟು, ಹಸಿ ಪಾಲಕ್ ರಸ ಅವಳಿಗೆ ಬೇಡ, ಎರಡರಲ್ಲೂ ಕಲ್ಲು ಕಟ್ಟಿಸುವ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ. ನೀನು ಬೀಟ್‌ರೂಟ್ ಕುಡಿದ ಮಾರನೇ ದಿನ ಬಚ್ಚಲಲ್ಲಿ ಮೂತ್ರ ಕೆಂಪಗೆ ಕಂಡರೆ ಗಾಬರಿಯಾಗಬೇಡ, ಕೆಲವರಿಗೆ ಹಾಗಾಗುತ್ತದೆ. ನನಗಾದಾಗ ನಿಮ್ಮತ್ತೆ ಆಟೋ ಕರೆದೇಬಿಟ್ಟಿದ್ದಳು.

ಅಂದಹಾಗೆ ಪಪ್ಪಾಯಿಗೆ ಹಾಲು ಹಾಕಿ ಇಟ್ಟದ್ದು ಕಹಿಯಾಯಿತು, ಹಣ್ಣಿನವನು ಮೋಸ ಮಾಡಿದ ಅಂತ ಬರೆದಿದ್ದೆಯಲ್ಲ. ಅವನ ತಪ್ಪಿಲ್ಲ. ಪಪ್ಪಾಯಿಯಲ್ಲಿರುವ ಒಂದು ಅಂಶ ಹಾಲನ್ನು ಒಡೆದು ಕಹಿ ಮಾಡುತ್ತದೆ, ಅನಾನಸ್ಸೂ ಅಷ್ಟೇ. ಆ ಸ್ಟೇಟಸ್ ಅಳಿಸು, ಪಾಪ.

ಭಾನುವಾರ ಮಂಡ್ಯಕ್ಕೆ ಬಾ. ಹಿತ್ತಲಲ್ಲಿ ನಿಂಬೆ ಬಿದ್ದು ಬಿದ್ದು ಹಾಳಾಗುತ್ತಿದೆ, ಒಂದು ಚೀಲ ತಗೊಂಡು ಬಾ.

ನಿನ್ನ ಮಾವ