ಪೋರ್ಟು ಉಜ್ಜೋಕೆ ಮುಂಚೆ ಡಿಗ್ರಿ ಅಳೀರಿ

ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಟೂ ಸ್ಟ್ರೋಕ್ ಸ್ಕೂಟರಿನ ಪಿಕಪ್ಪು ಜಾಸ್ತಿ ಮಾಡೋ ಬಗ್ಗೆ ಬಂದಿದ್ದ ಬರಹ ಓದಿದೆ. ಎಕ್ಸಾಸ್ಟ್ ಪೋರ್ಟನ್ನ (ಸಿಲಿಂಡರ್ ಗೋಡೇಲಿ ಸುಟ್ಟ ಗ್ಯಾಸು ಹೊರಗೆ ಹೋಗೋ ಕಿಂಡಿ) ಮೇಲಕ್ಕೆ 2 ಮಿಮೀ ಉಜ್ಜಿಸಿ, ಗಾಡಿ ಹಾರತ್ತೆ ಅಂತ ಒಂದೇ ಸಾಲಲ್ಲಿ ವಿಷಯ ಮುಗಿಸಿಬಿಟ್ಟಿದಾರೆ. ಯಾವ ಎಂಜಿನ್ನು, ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡೋ ದೂರ) ಎಷ್ಟು, ಕ್ರ್ಯಾಂಕ್ ದಂಡ ಒಂದು ಸುತ್ತು, ಅಂದ್ರೆ 360 ಡಿಗ್ರಿ, ತಿರುಗೋದ್ರಲ್ಲಿ ಪೋರ್ಟು ಈಗ ಎಷ್ಟು ಡಿಗ್ರಿ ತೆರೆದಿರತ್ತೆ, ಸೈಲೆನ್ಸರ್ ಯಾವುದು, ಒಂದೂ ಇಲ್ಲ. ಇದನ್ನ ನಂಬಿ ಯಾರಾದ್ರೂ ಅರ ಹಿಡಿದು ಕೂತ್ರೆ ಒಳ್ಳೇ ಬ್ಯಾರೆಲ್ (ಸಿಲಿಂಡರ್) ಒಂದು ಹಾಳಾಗೋ ಸಾಧ್ಯತೆ ಇದೆ, ಉಜ್ಜಿ ಹೋದ ಲೋಹ ವಾಪಸ್ ಬರಲ್ಲ, ಅದಕ್ಕೇ ಬರೀತಿದೀನಿ.

ಈ ಎಂಜಿನ್ನಲ್ಲಿ ಪಿಸ್ಟನ್ನೇ ವಾಲ್ವ್ ಕೆಲಸ ಮಾಡತ್ತೆ. ಕೆಳಗಿಳೀತಾ ಮೊದಲು ಎಕ್ಸಾಸ್ಟ್ ಪೋರ್ಟು ತೆರೆಯತ್ತೆ, ಆಮೇಲೆ ಟ್ರಾನ್ಸ್‌ಫರ್ ಪೋರ್ಟು ತೆರೆದು ಪೆಟ್ರೋಲ್-ಗಾಳಿಯ ಹೊಸ ಮಿಶ್ರಣ ಒಳಗೆ ಬರತ್ತೆ. ಎರಡರ ಮಧ್ಯದ ಆ ಚೂರು ಅವಧಿಗೆ ಬ್ಲೋಡೌನ್ ಅಂತಾರೆ, ಸುಟ್ಟ ಗ್ಯಾಸಿನ ಒತ್ತಡ ಇಳಿಯಬೇಕಾದ್ದು ಅಷ್ಟರೊಳಗೇ, ಇಳೀಲಿಲ್ಲ ಅಂದ್ರೆ ಟ್ರಾನ್ಸ್‌ಫರ್ ತೆರೆದ ತಕ್ಷಣ ಸುಟ್ಟ ಗ್ಯಾಸು ಅದರೊಳಗೇ ನುಗ್ಗಿ ಬರ್ತಿರೋ ಮಿಶ್ರಣವನ್ನ ಹಿಂದಕ್ಕೆ ತಳ್ಳತ್ತೆ. ಎಲ್ಲರೂ ಎಕ್ಸಾಸ್ಟ್ ಎಷ್ಟು ಡಿಗ್ರಿ ಅಂತ ಮಾತ್ರ ಕೇಳ್ತಾರೆ, ನನ್ನ ಕೇಳಿದ್ರೆ ಮೊದಲು ನೋಡಬೇಕಾದ್ದು ಈ ಬ್ಲೋಡೌನನ್ನ. ದಿನಾ ಓಡಿಸೋ ಗಾಡಿಗಳಲ್ಲಿ ಸಾಮಾನ್ಯವಾಗಿ ಎಕ್ಸಾಸ್ಟ್ 160ರಿಂದ 170 ಡಿಗ್ರಿ, ಟ್ರಾನ್ಸ್‌ಫರ್ 115-120ರ ಆಸುಪಾಸು ಇರತ್ತೆ, ಒಂದರಲ್ಲಿ ಇನ್ನೊಂದನ್ನ ಕಳೆದು ಅರ್ಧ ಮಾಡಿದ್ರೆ ಬ್ಲೋಡೌನ್ ಸಿಗತ್ತೆ. ಚುರುಕು ರಸ್ತೆ ಗಾಡಿಗೆ ಎಕ್ಸಾಸ್ಟ್ 180ರ ಹತ್ರ ಹೋಗತ್ತೆ, 190 ದಾಟಿದ್ರೆ ಅದು ರೇಸಿನ ಎಂಜಿನ್ನು, ಕೆಳಗಿನ ಆರ್‌ಪಿಎಮ್ಮಲ್ಲಿ ಎಳೆಯೋದೇ ಇಲ್ಲ.

ಈಗ ಆ 2 ಮಿಮೀ ವಿಷಯಕ್ಕೆ ಬರ್ತೀನಿ. ವೆಸ್ಪಾ ಪಿಎಕ್ಸ್ 150 ತರದ ಎಂಜಿನ್ ತಗೊಳ್ಳಿ, ಸ್ಟ್ರೋಕ್ 57 ಮಿಮೀ, ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡ್ 105 ಮಿಮೀ. ಎಕ್ಸಾಸ್ಟ್ 164 ಡಿಗ್ರಿ ಇತ್ತು ಅಂದ್ಕೊಳ್ಳಿ, 2 ಮಿಮೀ ಮೇಲೆ ಉಜ್ಜಿದ್ರೆ ಲೆಕ್ಕದ ಪ್ರಕಾರ ಸುಮಾರು 172 ಆಗತ್ತೆ, ಪರವಾಗಿಲ್ಲ, ರಸ್ತೆಗೆ ನಡೆಯತ್ತೆ. ಅದೇ 2 ಮಿಮೀಯನ್ನ 39.2 ಮಿಮೀ ಸ್ಟ್ರೋಕಿನ 50 ಸಿಸಿ ಸ್ಕೂಟರಲ್ಲಿ ಉಜ್ಜಿದ್ರೆ 8 ಡಿಗ್ರಿ ಅಲ್ಲ, ಸುಮಾರು 12 ಡಿಗ್ರಿ ಏರತ್ತೆ, ಆ ಎಂಜಿನ್ನು ಫ್ಯಾಕ್ಟರಿಯಿಂದಲೇ 176 ಇಟ್ಕೊಂಡು ಬಂದಿದ್ರೆ 188ಕ್ಕೆ ಹೋಗಿ ಕೂರತ್ತೆ. ಹಾಗಾಗಿ ಎಂಜಿನ್ ಯಾವುದು ಅಂತ ಹೇಳದೆ ಮಿಲಿಮೀಟರ್ ಹೇಳಿದ್ರೆ ಏನೂ ಹೇಳಿದ ಹಾಗಾಗಲ್ಲ.

ಉಜ್ಜೋದು ಬೇಡ, ಬ್ಯಾರೆಲ್ ಕೆಳಗೆ 1 ಮಿಮೀ ಪ್ಯಾಕಿಂಗ್ ಹಾಕಿದ್ರೆ ಸಾಕು ಅನ್ನೋರೂ ಇದಾರೆ, ಸುಲಭ ನಿಜ, ಬೇಡ ಅಂದ್ರೆ ತೆಗೀಬಹುದು. ಆದ್ರೆ ಪಿಸ್ಟನ್ ಕೆಳಗೆ ಹೋದ ಹಾಗೆ ನಿಧಾನ ಆಗತ್ತಲ್ಲ, ಹಾಗಾಗಿ ಅದೇ 57 ಮಿಮೀ ಸ್ಟ್ರೋಕಲ್ಲಿ 1 ಮಿಮೀ ಎತ್ತಿದ್ರೆ ಎಕ್ಸಾಸ್ಟಿಗೆ ಸಿಗೋದು ಸುಮಾರು 4 ಡಿಗ್ರಿ, ಟ್ರಾನ್ಸ್‌ಫರಿಗೆ 5ಕ್ಕಿಂತ ಜಾಸ್ತಿ. ಅಂದ್ರೆ ಎರಡೂ ಏರತ್ತೆ, ಬ್ಲೋಡೌನ್ ಮಾತ್ರ ಚೂರು ಕಮ್ಮಿ ಆಗತ್ತೆ! ಜೊತೆಗೆ ಪಿಸ್ಟನ್ನಿಗೂ ಹೆಡ್ಡಿಗೂ ಮಧ್ಯದ ಸ್ಕ್ವಿಶ್ ಗ್ಯಾಪೂ 1 ಮಿಮೀ ದೊಡ್ಡದಾಗಿ ಕಂಪ್ರೆಶನ್ ಬೀಳತ್ತೆ, ಅದನ್ನ ಸರಿ ಮಾಡೋಕೆ ಹೆಡ್ಡನ್ನೋ ಬ್ಯಾರೆಲ್ ಮೇಲ್ಭಾಗವನ್ನೋ ಲೇತಲ್ಲಿ ತೆಗೆಸಬೇಕು. ಇನ್ನು ಪಿಸ್ಟನ್ ಸ್ಕರ್ಟೇ (ಪಿಸ್ಟನ್ನಿನ ಕೆಳಭಾಗ) ಇನ್‌ಲೆಟ್ (ಮಿಶ್ರಣ ಎಂಜಿನ್ನಿಗೆ ಬರೋ ಕಿಂಡಿ) ತೆರೆಯೋ ಎಂಜಿನ್ ಆದ್ರೆ ಬ್ಯಾರೆಲ್ ಎತ್ತಿದಾಗ ಇನ್‌ಲೆಟ್ ಅವಧಿ ಕಮ್ಮಿ ಆಗತ್ತೆ, ವೆಸ್ಪಾದಲ್ಲಿ ಕ್ರ್ಯಾಂಕ್ ವೆಬ್ಬೇ (ಕ್ರ್ಯಾಂಕಿನ ಚಪ್ಪಟೆ ಬಿಲ್ಲೆ) ಇನ್‌ಲೆಟ್ ತೆರೆದು ಮುಚ್ಚೋದ್ರಿಂದ ಅಲ್ಲಿ ಆ ತೊಂದರೆ ಇಲ್ಲ.

ಸೈಲೆನ್ಸರ್ ಮಾತೇ ಎತ್ತಿಲ್ಲ ನಿಮ್ಮ ಲೇಖಕರು. ಪೋರ್ಟು ಬೇಗ ತೆರೆದು ತಡವಾಗಿ ಮುಚ್ಚಿದಷ್ಟೂ ಹೊಸ ಮಿಶ್ರಣ ಸುಡದೇ ಹೊರಗೆ ಹೋಗತ್ತೆ, ಅದನ್ನ ವಾಪಸ್ ಒಳಗೆ ತಳ್ಳೋದು ಪೈಪಿಂದ ಹಿಂದಿರುಗೋ ಒತ್ತಡದ ಅಲೆ. 180 ಡಿಗ್ರಿ ಪೋರ್ಟು 8000 ಆರ್‌ಪಿಎಮ್ಮಲ್ಲಿ ತೆರೆದಿರೋದು 3.75 ಮಿಲಿಸೆಕೆಂಡ್ ಮಾತ್ರ, ಬಿಸಿ ಗ್ಯಾಸಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡತ್ತೆ ಅಂದ್ರೆ ಹೋಗಿ ಬರೋ ದಾರಿ ಎರಡು ಮೀಟರಿಗಿಂತ ಸ್ವಲ್ಪ ಕಮ್ಮಿ, ಹಾಗಾಗಿ ಪೈಪಿನ ಟ್ಯೂನ್ ಆದ ಉದ್ದ ಒಂದು ಮೀಟರಿಗಿಂತ ಕೊಂಚ ಕಮ್ಮಿ ಬರತ್ತೆ. ಕಂಪನಿ ಸೈಲೆನ್ಸರ್ ಈ ಲೆಕ್ಕಕ್ಕೆ ಮಾಡಿದ್ದಲ್ಲ, ಅದನ್ನೇ ಇಟ್ಕೊಂಡು ಪೋರ್ಟು ಎತ್ತಿದ್ರೆ ಪೆಟ್ರೋಲ್ ಹೋಗತ್ತೆ, ಕೆಳಗಿನ ಎಳೆತ ಹೋಗತ್ತೆ, ಮೇಲೆ ಸಿಗೋದು ಅಷ್ಟಕ್ಕಷ್ಟೆ. ಪೂರ್ವ ಜರ್ಮನಿಯ ಬೈಕ್ ಕಂಪನಿ ಎಂಜೆಡ್‌ನಲ್ಲಿ ವಾಲ್ಟರ್ ಕಾಡನ್ 1961ರಲ್ಲಿ 125 ಸಿಸಿಯಿಂದ 25 ಎಚ್‌ಪಿ ತೆಗೆದರು, ಎಂಥಾ ಸಾಧನೆ ಅದು, ಪೋರ್ಟು, ಇನ್‌ಲೆಟ್ ಡಿಸ್ಕು, ಪೈಪು ಮೂರನ್ನೂ ಒಟ್ಟಿಗೆ ಹೊಂದಿಸಿದ್ದಕ್ಕೇ ಆಗಿದ್ದು.

ಅಳೆಯೋದು ಕಷ್ಟ ಏನಿಲ್ಲ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಒಂದು ತಂತಿ ಮುಳ್ಳು ಇಟ್ಟು, ಪಿಸ್ಟನ್ ಅಂಚು ಪೋರ್ಟನ್ನ ತೆರೆಯೋ ಕ್ಷಣದಿಂದ ಮುಚ್ಚೋವರೆಗೆ ಎಷ್ಟು ಡಿಗ್ರಿ ಅಂತ ಓದ್ಕೊಂಡ್ರೆ ಆಯ್ತು, ಅವಧಿ ಒಂದೇ ಬೇಕಿದ್ರೆ ಟಾಪ್ ಡೆಡ್ ಸೆಂಟರ್ (ಪಿಸ್ಟನ್ ಅತಿ ಮೇಲಿರೋ ಜಾಗ) ಹುಡುಕೋದೂ ಬೇಡ. ಉಜ್ಜಲೇಬೇಕು ಅಂದ್ರೆ ಅರ್ಧರ್ಧ ಮಿಮೀ ಉಜ್ಜಿ ಪ್ರತಿ ಸಲ ಅಳೀರಿ. ಪೋರ್ಟಿನ ಅಗಲ ಬೋರಿನ (ಸಿಲಿಂಡರಿನ ಒಳವ್ಯಾಸ) 65 ಪರ್ಸೆಂಟ್ ದಾಟಬಾರದು, 57.8 ಮಿಮೀ ಬೋರಿಗೆ ಸುಮಾರು 37 ಮಿಮೀ, ಅದಕ್ಕಿಂತ ಅಗಲ ಆದ್ರೆ ಪಿಸ್ಟನ್ ರಿಂಗು ಉಬ್ಬಿ ಸಿಕ್ಕಿಕೊಂಡು ಮುರಿಯೋ ಸಾಧ್ಯತೆ ಇದೆ, ಮೂಲೆಗಳು ದುಂಡಗಿರಲಿ, ಅಂಚು ಸವರಿ ನುಣುಪಾಗಿರಲಿ. ಕೆಲಸ ಆದ್ಮೇಲೆ ಹಳೇ ಮೇನ್ ಜೆಟ್ಟಲ್ಲೇ (ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ತೂತು) ಫುಲ್ ಥ್ರಾಟಲ್ ಕೊಡಬೇಡಿ, ಮಿಶ್ರಣ ತೆಳುವಾದ್ರೆ ಪಿಸ್ಟನ್ ಹಿಡಿಯತ್ತೆ, ದೊಡ್ಡ ಜೆಟ್ಟಿಂದ ಶುರು ಮಾಡಿ ಪ್ಲಗ್ಗಿನ ಬಣ್ಣ ನೋಡ್ಕೊಂಡು ಕೆಳಗೆ ಬನ್ನಿ.

ಮುಂದಿನ ಸಲ ಇಂಥಾ ಬರಹ ಹಾಕುವಾಗ ಸ್ಟ್ರೋಕ್, ರಾಡಿನ ಉದ್ದ, ಉಜ್ಜೋ ಮುಂಚಿನ ಮತ್ತು ಆಮೇಲಿನ ಡಿಗ್ರಿ, ಯಾವ ಪೈಪು, ಇಷ್ಟನ್ನ ಬರೆದವರಿಂದ ಕೇಳಿ ಹಾಕಿ. ಜಾಗ ಇದ್ರೆ 360 ಡಿಗ್ರಿ ಗುರುತಿರೋ ಚಕ್ರದ ಚಿತ್ರ ಒಂದನ್ನ ಅರ್ಧ ಪುಟದಲ್ಲಿ ಛಾಪಿಸಿ, ಬೇಕಾದೋರು ಕತ್ತರಿಸಿ ರಟ್ಟಿಗೆ ಅಂಟಿಸಿ ಕ್ರ್ಯಾಂಕಿಗೆ ಕಟ್ಕೋತಾರೆ.

ಇಂತಿ,
ನಿಮ್ಮ ಓದುಗ