1989ರ ಡಿಸೆಂಬರ್ 22ರ ನಂತರ ಕೊಂದವರು ಯಾರು? ರೊಮೇನಿಯಾ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿಕುಷೋರ್ ದಾನ್ ಅವರಿಗೆ ನಮಸ್ಕಾರ.

ಕೆಲಸಕ್ಕೆಂದು ಬುಕಾರೆಸ್ಟ್‌ಗೆ ಬಂದು ನೆಲೆಸಿರುವ ಕನ್ನಡಿಗ ನಾನು. ನನ್ನ ರೊಮೇನಿಯನ್ ಭಾಷೆ ತರಕಾರಿ ಅಂಗಡಿ ದಾಟಿ ಮುಂದೆ ಹೋಗಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿ ಹೇಳೋರು ಯಾರಾದರೂ ಸಿಗುತ್ತಾರೆ ಬಿಡಿ.

1989ರ ಡಿಸೆಂಬರ್ 20ಕ್ಕೆ ನಿಮಗೆ 20 ತುಂಬಿತು. ಅದೇ ದಿನ ಪಶ್ಚಿಮ ರೊಮೇನಿಯಾದ ತಿಮಿಶ್ವಾರಾದ ಜನ ತಮ್ಮ ಊರು ಸ್ವತಂತ್ರ ಎಂದು ಸಾರಿದರು. ಪಾದ್ರಿ ಲಾಸ್ಲೋ ತೊಕೆಶ್ ಅವರನ್ನು ಮನೆಯಿಂದ ಹೊರಹಾಕಲು ಹೋದಾಗ ಎದ್ದ ಗಲಾಟೆ ಅದು. ಸಿಟ್ಟು ಮಾತ್ರ ಹಳೆಯದು. ವಿದೇಶಿ ಸಾಲ ತೀರಿಸುವ ಹಠಕ್ಕೆ ಬಿದ್ದ ಆಗಿನ ಸರ್ವಾಧಿಕಾರಿ ಚೌಶೆಸ್ಕು, ಬೆಳೆದದ್ದನ್ನೆಲ್ಲ ಹೊರಗೆ ಮಾರಿ, ಜನರಿಗೆ ರೇಷನ್ ಬ್ರೆಡ್ಡನ್ನೂ ಚಳಿಯ ಮನೆಗಳನ್ನೂ ಉಳಿಸಿದ್ದ. 17ರಂದು ಸೈನ್ಯ ಗುಂಡು ಹಾರಿಸಿತು. 40ಕ್ಕೂ ಹೆಚ್ಚು ಹೆಣಗಳನ್ನು ಆಸ್ಪತ್ರೆಯಿಂದ ಕದ್ದು, ಬುಕಾರೆಸ್ಟ್‌ಗೆ ತಂದು ಸುಟ್ಟರು. ಬೂದಿಯನ್ನು ಪಕ್ಕದ ಪೊಪೆಷ್ತಿ-ಲಿಯೊರ್ದೆನಿಯಲ್ಲಿ ಚರಂಡಿಗೆ ಸುರಿದರು.

21ರಂದು ಬುಕಾರೆಸ್ಟ್‌ನಲ್ಲಿ ಚೌಶೆಸ್ಕು ಮಾಡಿದ ಭಾಷಣದ ವಿಡಿಯೊ ನೋಡಿದವರು ಮರೆಯೋದಿಲ್ಲ. ಬಾಲ್ಕನಿಯ ಕೆಳಗೆ ಜನ ಕೂಗಲು ಶುರುಮಾಡುತ್ತಾರೆ. ಎತ್ತಿದ ಕೈ ಹಾಗೇ ನಿಲ್ಲುತ್ತದೆ. "ಅಲೋ, ಅಲೋ" ಅನ್ನುತ್ತಾನೆ, ಫೋನ್ ಲೈನ್ ಕಟ್ಟಾದವನ ಹಾಗೆ. ಆಮೇಲೆ ಕನಿಷ್ಠ ಸಂಬಳವನ್ನು 2,000 ಲೇಯಿಂದ (ಲೇ ಎಂದರೆ ಇಲ್ಲಿನ ಹಣ) 2,200ಕ್ಕೆ ಏರಿಸುತ್ತೇನೆ ಎನ್ನುತ್ತಾನೆ. 24 ವರ್ಷ ಆಳಿದವನಿಗೆ ಆ ಹೊತ್ತಿಗೆ ಹೊಳೆದದ್ದು 200 ಲೇ! ಮರುದಿನ ಮಧ್ಯಾಹ್ನ ಹೆಲಿಕಾಪ್ಟರ್ ಹತ್ತಿ ಓಡಿದ. 25ಕ್ಕೆ ತರಾತುರಿಯ ವಿಚಾರಣೆ ಮಾಡಿ ಗಂಡ ಹೆಂಡತಿ ಇಬ್ಬರನ್ನೂ ಗುಂಡಿಟ್ಟು ಕೊಂದರು.

ಇಷ್ಟು ಎಲ್ಲರಿಗೂ ಗೊತ್ತು. ನಾನು ಕೇಳಬೇಕೆಂದಿರುವುದು ಬೇರೆ. ಆ ಡಿಸೆಂಬರ್‌ನಲ್ಲಿ ಸತ್ತವರು 1,100ಕ್ಕೂ ಜಾಸ್ತಿ. ಅವರಲ್ಲಿ ಬಹುಪಾಲು ಜನ ಸತ್ತದ್ದು ಸರ್ವಾಧಿಕಾರಿ ಓಡಿಹೋದ ಮೇಲೆ! ಬಂಡಾಯದ ಹುತಾತ್ಮರ ಸ್ಮಶಾನದಲ್ಲಿ ಬಿಳಿ ಶಿಲುಬೆಗಳ ಮೇಲಿನ ತಾರೀಕು ಓದುತ್ತಾ ಹೋದರೆ ತಲೆ ಕೆಡುತ್ತದೆ. 'ಭಯೋತ್ಪಾದಕರು ಬಂದಿದ್ದಾರೆ' ಎಂದು ಟಿವಿ ಕೂಗುತ್ತಿತ್ತು. 23ರ ಬೆಳಗ್ಗೆ ಒಟೊಪೆನಿ ವಿಮಾನ ನಿಲ್ದಾಣದ ಕಾವಲಿಗಿದ್ದ ಸೈನಿಕರು, ತಮ್ಮ ನೆರವಿಗೇ ಬಂದ ಪಡೆಯ ಮೇಲೆ ಗುಂಡು ಹಾರಿಸಿದರು. ಅಲ್ಲೇ 40ಕ್ಕೂ ಹೆಚ್ಚು ಜನ ಹೋದರು. ಆ ಭಯೋತ್ಪಾದಕರು ಯಾರು? ಒಬ್ಬನಿಗೂ ಶಿಕ್ಷೆಯಾಗಲಿಲ್ಲವಲ್ಲ?

ತನಿಖೆ ಸರಿಯಾಗಿ ನಡೆದಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲೇ ಹೇಳಿತು. ಚೌಶೆಸ್ಕು ನಂತರ ಅಧಿಕಾರ ಹಿಡಿದ ಇಯೋನ್ ಇಲಿಯೆಸ್ಕು ಮೇಲೆ ಆರೋಪ ಹೊರಿಸಿದ್ದು 2018ರಲ್ಲಿ. ಕಡತ ಕೋರ್ಟಿಗೆ ಹೋಯಿತು, ವಾಪಸ್ ಬಂತು, ಮತ್ತೆ ಹೋಯಿತು. 2025ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಸರ್ಕಾರಿ ಗೌರವದ ಅಂತ್ಯಕ್ರಿಯೆಯೂ ಆಯಿತು. ತಪ್ಪಿತಸ್ಥರೋ ಅಲ್ಲವೋ ಅನ್ನೋ ತೀರ್ಪು ಮಾತ್ರ ಬರಲೇ ಇಲ್ಲ.

ಕೋರ್ಟಿನ ಕೆಲಸದಲ್ಲಿ ನೀವು ಕೈಹಾಕುವಂತಿಲ್ಲ, ಹಾಕಲೂಬಾರದು. ಆದರೆ ದೇಶದ ರಕ್ಷಣಾ ಮಂಡಳಿಗೆ ನೀವೇ ಅಧ್ಯಕ್ಷರು ಅಲ್ವಾ? 1989ರ ಸೈನ್ಯದ, ಗುಪ್ತಚರರ ಕಾಗದಗಳಲ್ಲಿ ಇನ್ನೂ ಮುಚ್ಚಿಟ್ಟದ್ದೇನಿದೆ ಅಂತ ಪಟ್ಟಿ ಕೇಳಿ. ಅದನ್ನು ಸತ್ತವರ ಮನೆಯವರಿಗೆ ತೋರಿಸಿ. ಅಪ್ಪ ಅಮ್ಮಂದಿರಿಗೆ ವಯಸ್ಸಾಗಿದೆ, ಎಷ್ಟೋ ಜನ ಹೋಗೇಬಿಟ್ಟಿದ್ದಾರೆ. ಈ ಡಿಸೆಂಬರ್‌ನಲ್ಲಿ ಹೂಗುಚ್ಛ ಇಡಲು ಹೋದಾಗ ಸುಮ್ನೆ ತಲೆಬಾಗಿ ಬರಬೇಡಿ. ಆ ಕಾಗದಗಳು ಯಾವ ತಾರೀಕಿಗೆ ಹೊರಬರುತ್ತವೆ ಅಂತ ಅಲ್ಲೇ ನಿಂತು ಹೇಳಿ.

ಇಂತಿ,
ಬುಕಾರೆಸ್ಟ್‌ನ ಒಬ್ಬ ಕನ್ನಡಿಗ