ಕಥೆ ಮುಗೀತು ಅಂದ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ "ಅಪ್ಪಾ, ನನ್ನ ಕಥೆ ಮುಗೀತು" ಅಂದೆ. ನಿನ್ನ ಆಪ್‌ಗೆ ದುಡ್ಡು ಹಾಕಲು ಹೂಡಿಕೆದಾರರು ಒಪ್ಪಲಿಲ್ಲ, ಸರಿ. ಆದರೆ ನಿನ್ನ ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಅದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ. ನಿನಗಾಗ ನಾಲ್ಕು ವರ್ಷ. ನಡೆದದ್ದು ಇಷ್ಟೇ: ನನ್ನ ಕೆಲಸ ಹೋಯಿತು. 'ನಾನು ಯಾವುದಕ್ಕೂ ಆಗದವನು' ಅನ್ನುವುದನ್ನು ನಾನೇ ಸೇರಿಸಿಕೊಂಡೆ. ದಿನಾ ಅದನ್ನೇ ನನಗೆ ನಾನು ಹೇಳಿಕೊಂಡೆ. ಎರಡು ವರ್ಷ ಒಂದು ಅರ್ಜಿಯನ್ನೂ ಹಾಕಲಿಲ್ಲ. ಒಂದು ದಿನ ನಿನ್ನ ಅಮ್ಮ ಕೇಳಿದಳು, "ಇದು ನಡೆದದ್ದಾ, ನೀವು ಕಟ್ಟಿದ್ದಾ?" ಬಾಯಿ ಕಟ್ಟಿಹೋಯಿತು. ಮರುದಿನ ಅರ್ಜಿ ಬರೆದೆ.

ನನ್ನ ಅಮ್ಮ ತೀರಿಕೊಂಡಾಗ ಬಂದವರೆಲ್ಲ "ಹುಟ್ಟಿದವರು ಸಾಯಲೇಬೇಕಲ್ಲ" ಅಂದರು. ಗೊತ್ತಿದ್ದ ಮಾತೇ. ಅದರಿಂದ ಎದೆ ಹಗುರಾಗಲಿಲ್ಲ. ಕಿಸಾಗೋತಮಿಯ ಕಥೆ ನೆನಪಾದಾಗ ಮಾತ್ರ ಅಳು ಬಂತು. ಸತ್ತ ಮಗುವನ್ನು ಎತ್ತಿಕೊಂಡು ಔಷಧ ಬೇಡಿದವಳಿಗೆ ಬುದ್ಧ ಉಪದೇಶ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತಾ ಅಂದ. ಅವಳು ಬಾಗಿಲು ಬಾಗಿಲು ತಟ್ಟಿದಳು. ಸಾಸಿವೆ ಎಲ್ಲರ ಹತ್ತಿರವೂ ಇತ್ತು. ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಹೋಗಿದ್ದರು. ಕೇಳುವ ನಾವೂ ಅವಳ ಹಿಂದೆಯೇ ತಿರುಗುತ್ತೇವೆ, ಅಲ್ವಾ? ಅಮ್ಮನ ಸಾವನ್ನು ನಾನು ಒಪ್ಪಿಕೊಂಡದ್ದು ಹಾಗೆ ತಿರುಗಿ ತಿರುಗಿಯೇ. ನನ್ನಲ್ಲಿ ಇರುವ ಒಂದಿಷ್ಟು ನಂಬಿಕೆ ಅಲ್ಲಿಂದ ಬಂದದ್ದು.

ಈಗ ನಿನ್ನ ಕೆಲಸದ ಮಾತು. ಕಳಿಸಿದ ಮೂವತ್ತು ಸ್ಲೈಡುಗಳನ್ನೂ ನೋಡಿದೆ. ಎಲ್ಲ ಅಂಕಿ, ಗ್ರಾಫು. ಮಾತ್ರೆ ನೆನಪಿಸುವ ಆಪ್ ಅದು. ಆದರೆ ಮಾತ್ರೆ ನುಂಗುವ ಒಬ್ಬ ಮನುಷ್ಯನೂ ಅದರಲ್ಲಿಲ್ಲ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಆಫ್ರಿಕಾದಲ್ಲಿ ಲಕ್ಷಾಂತರ ಜನ ಹಸಿದಿದ್ದಾರೆ ಅನ್ನುವ ಅಂಕಿಗಳನ್ನು ಕೆಲವರಿಗೆ ತೋರಿಸಿದರು. ಇನ್ನು ಕೆಲವರಿಗೆ ಹಸಿದ ಒಬ್ಬಳೇ ಹುಡುಗಿಯ ವಿಷಯ ಹೇಳಿದರು. ಅಂಕಿ ನೋಡಿದವರು ಕೊಟ್ಟ ದೇಣಿಗೆ, ಹುಡುಗಿಯ ವಿಷಯ ಕೇಳಿದವರು ಕೊಟ್ಟದ್ದರ ಅರ್ಧದಷ್ಟು. ಹುಡುಗಿಯ ಜೊತೆಗೆ ಅಂಕಿಯನ್ನೂ ಸೇರಿಸಿದಾಗ ದೇಣಿಗೆ ಮತ್ತೆ ಇಳಿಯಿತು! ನಿನ್ನ ಲೆಕ್ಕ ಬೇಕು, ಖಂಡಿತ ಬೇಕು. ಅದು ಎರಡನೆಯದಾಗಿ ಬರಲಿ.

ನನಗೊಂದು ಹೆದರಿಕೆಯೂ ಇದೆ. ಥೆರಾನೋಸ್ ಕಂಪನಿಯ ಎಲಿಜಬೆತ್ ಹೋಮ್ಸ್ ನೆನಪಿದೆಯಾ? ಬೆರಳ ತುದಿಯ ನಾಲ್ಕಾರು ಹನಿ ರಕ್ತ ಸಾಕು, ಹತ್ತಾರು ಪರೀಕ್ಷೆ ಮಾಡುತ್ತೇವೆ ಅಂದಳು. ತನಗೂ ಸೂಜಿ ಕಂಡರೆ ಭಯ ಅಂದಳು. ಎಷ್ಟು ಚೆಂದದ ಕಥೆ! ದೊಡ್ಡ ದೊಡ್ಡವರು ದುಡ್ಡು ಸುರಿದರು. ಯಂತ್ರ ಮಾತ್ರ ಹೇಳಿದ ಹಾಗೆ ಕೆಲಸ ಮಾಡಲಿಲ್ಲ. 2022ರ ಜನವರಿಯಲ್ಲಿ ಅವಳು ಹೂಡಿಕೆದಾರರಿಗೆ ಮೋಸ ಮಾಡಿದ್ದು ಕೋರ್ಟಿನಲ್ಲಿ ಸಾಬೀತಾಯಿತು. ನೀನು ಚಿಕ್ಕವಳಿದ್ದಾಗ "ಸುಮ್ನೆ ಕಥೆ ಕಟ್ಟಬೇಡ" ಅಂತ ಗದರುತ್ತಿದ್ದೆನಲ್ಲ, ಆ ಗದರಿಕೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನೀನು ಕಟ್ಟಬೇಕಾಗಿಯೂ ಇಲ್ಲ. ಆಪ್ ಅನ್ನು ಮೊಟ್ಟಮೊದಲು ಬಳಸಿದ ಆ ವಯಸ್ಸಾದ ಹೆಂಗಸಿನ ವಿಷಯ ಒಮ್ಮೆ ನೀನೇ ಶುರುಮಾಡಿದ್ದೆ. ಒಂಟಿಯಾಗಿರುತ್ತಾರೆ, ಬೆಳಗಿನ ಮಾತ್ರೆ ತಗೊಂಡೆನೋ ಇಲ್ಲವೋ ಅಂತ ದಿನವಿಡೀ ಕೊರಗುತ್ತಿದ್ದರು ಅಂದಿದ್ದೆ. ಅಷ್ಟರಲ್ಲಿ ಯಾವುದೋ ಕರೆ ಬಂತು, ನೀನು ಎದ್ದು ಹೋದೆ.

ಭಾನುವಾರ ಫೋನ್ ಮಾಡು. ಒಂದು ವಾರ ಬಳಸಿದ ಮೇಲೆ ಅವರು ನಿನಗೆ ಏನಂದರು?

ನಿನ್ನ
ಅಪ್ಪ